ಪೇಟೆ ಬೀದಿ ಚಿತ್ರದ ಕೆಳಗಿನಂಚು

ಮ್ಯೂಸಿಯಂನಲ್ಲಿ ಚಿತ್ರ ತೋರಿಸುವ ಕೆಲಸಕ್ಕೆ ಹೊಸದಾಗಿ ಸೇರಿರುವ ಇಬ್ಬರು ಹೋದ ತಿಂಗಳು ನಮ್ಮ ಮನೆಗೆ ಬಂದಿದ್ದರು. ಚಹಾ ಕುಡಿದು, ಅದೂ ಇದೂ ಮಾತಾಡಿದ ಮೇಲೆ ಅವರಲ್ಲೊಬ್ಬಳು, "ಮೇಡಂ, ಜನರ ಮುಂದ ನಿಂತಾಗ ಮೊದ್ಲು ಏನ್ ಹೇಳಬೇಕ್ರಿ?" ಎಂದು ಕೇಳಿದಳು.

"ಮೊದ್ಲು ಏನೂ ಹೇಳಬ್ಯಾಡ. ಸುಮ್ನ ನಿಂದ್ರು" ಎಂದೆ.

ಅವಳು ನಕ್ಕಳು. ನಾನು ತಮಾಷೆ ಮಾಡುತ್ತಿಲ್ಲ. ಆ ಒಂದು ಮಾತು ಕಲಿಯುವುದಕ್ಕೆ ನನಗೆ ಅರ್ಧ ನೌಕರಿಯೇ ಬೇಕಾಯಿತು. ಹೇಗೆ ಕಲಿತೆ ಎಂಬುದನ್ನು ಬರೆದಿಟ್ಟರೆ ಈ ಹುಡುಗಿಯರಿಗೆ ಉಪಯೋಗವಾದೀತು ಎಂದು ಕೂತಿದ್ದೇನೆ. ಬಡ್ತಿ, ಸನ್ಮಾನ, ಬೀಳ್ಕೊಡುಗೆಯ ಶಾಲು ಎಲ್ಲರಿಗೂ ಆಗುವಂಥವು. ಅವನ್ನು ಬಿಟ್ಟಿದ್ದೇನೆ.

ನನ್ನ ಹೆಸರು ಮಾಬುನ್ನಿ. ಊರು ಕುರುಗೋಡು. ಅಪ್ಪ ಅಲ್ಲಿ ಸೀಮೆಎಣ್ಣೆ ಸ್ಟೌ ರಿಪೇರಿ ಅಂಗಡಿ ಇಟ್ಟಿದ್ದ. ನಾನು ಬಳ್ಳಾರಿಯಲ್ಲಿ ಇತಿಹಾಸ ಓದಿ, ಟೀಚರ್ ಕೆಲಸಕ್ಕೆ ಅಲೆದು ಸಿಗದೆ, ಅಲ್ಲೇ ಒಂದು ಸಣ್ಣ ಖಾಸಗಿ ಮ್ಯೂಸಿಯಂಗೆ ಗೈಡ್ ಆಗಿ ಸೇರಿಕೊಂಡೆ. ಹಳೇ ಬಂಗಲೆ ಅದು. ಅಂಗಳದಲ್ಲಿ ವೀರಗಲ್ಲುಗಳು, ಒಂದು ಕೋಣೆಯಲ್ಲಿ ನಾಣ್ಯಗಳು, ನಡುಮನೆಯ ಗೋಡೆಯ ಮೇಲೆ ಪೇಟೆ ಬೀದಿಯ ಚಿತ್ರ. ಜನ ಬರುತ್ತಿದ್ದದ್ದು ಆ ಚಿತ್ರಕ್ಕೇ.

ನೋಡದವರಿಗಾಗಿ ಹೇಳುತ್ತೇನೆ. ದಪ್ಪ ಬಟ್ಟೆಗೆ ಹುಣಸೆ ಬೀಜದ ಅಂಟು ಹಚ್ಚಿ, ಮೇಲೆ ಸುಣ್ಣದ ಪದರ ಕೊಟ್ಟು, ಅದರ ಮೇಲೆ ಬರೆದ ಚಿತ್ರ. ಎಷ್ಟು ಉದ್ದವೆಂದರೆ ಪೂರ್ತಿ ನೋಡಲು ಅದರ ಪಕ್ಕದಲ್ಲಿ ನಡೆಯಬೇಕು. ಮೇಲ್ಗಡೆ ಬಂಡೆಗಳ ಗುಡ್ಡ, ಗುಡ್ಡದ ಮೇಲೆ ಕೋಟೆ ಗೋಡೆ. ಬುಡದಲ್ಲಿ ಅಂಗಡಿ ಸಾಲು, ಅದರ ಮುಂದೆ ಬೀದಿ. ಬೀದಿಯಲ್ಲಿ ಎತ್ತಿನ ಬಂಡಿ, ಬಳೆಗಾರ, ಜೋಳದ ಚೀಲ ಹೊತ್ತವರು, ಒಬ್ಬ ಫಕೀರ, ಒಬ್ಬ ಜಂಗಮ, ನಟ್ಟನಡುವೆ ಒಬ್ಬ ಕುದುರೆ ಸವಾರ. ಒಂದು ಕಡೆ ಬೀದಿ ದೊಡ್ಡ ದುಂಡು ಬಂಡೆಯೊಂದನ್ನು ಸುತ್ತಿಕೊಂಡು ತಿರುಗುತ್ತದೆ. ಆ ಬಂಡೆ ಈಗಲೂ ಬಳ್ಳಾರಿ ಊರೊಳಗೆ ಇದೆ. ಒಂದು ಸೈಕಲ್ ಅಂಗಡಿ ಅದಕ್ಕೆ ಬೆನ್ನು ಕೊಟ್ಟು ನಿಂತಿದೆ. ಯಾರು ಬರೆದರೋ, ಯಾವಾಗ ಬರೆದರೋ ಗೊತ್ತಿಲ್ಲ. ಮ್ಯೂಸಿಯಂಗೆ ಅದನ್ನು ಕೊಟ್ಟವರ ಮನೆಯಲ್ಲೂ ಯಾರಿಗೂ ಗೊತ್ತಿರಲಿಲ್ಲ.

ನನ್ನ ಮೊದಲ ಮೇಲಧಿಕಾರಿ ಶೇಷಗಿರಿ ಸಾಹೇಬರು. ಕಂಚಿನ ಕಂಠ, ಕೈಯಲ್ಲಿ ಬೆತ್ತ. ಚಿತ್ರದ ಮುಂದೆ ಅವರು ನಿಂತರೆ ಹರಿಕಥೆಯೇ ಶುರುವಾಯಿತು ಎನ್ನಬೇಕು. ನಾನು ಸೇರಿದ ದಿನವೇ ಹೇಳಿದರು:

"ನೋಡವ್ವಾ, ಜನ ಇಲ್ಲಿ ಬರೋದು ಕತಿ ಕೇಳಾಕ. ಕತಿ ಹೇಳು. ಮಧ್ಯದಾಗ ತಡವರಿಸಬ್ಯಾಡ. ತಡವರಿಸಿದ್ರ ಜನ ಗಡಿಯಾರ ನೋಡ್ತಾರ."

ಹಾಗೇ ಹೇಳಿದೆ. ನನಗೆ ಕನ್ನಡ, ಉರ್ದು, ತೆಲುಗು ಮೂರೂ ಸಲೀಸು. ಗಡಿಯಾಚೆಯಿಂದ ಬಂದವರಿಗೆ ತೆಲುಗಿನಲ್ಲಿ, ಕೌಲ್ ಬಜಾರಿನ ಹಿರಿಯರಿಗೆ ಉರ್ದುವಿನಲ್ಲಿ ಹೇಳುತ್ತಿದ್ದೆ. ಮೂರೂ ಭಾಷೆಯಲ್ಲಿ ಆ ಕುದುರೆ ಸವಾರ ಪಾಳೇಗಾರನೇ ಆಗಿದ್ದ. ಸಂಜೆ ಹೊತ್ತಿಗೆ ಪೇಟೆಯ ಯೋಗಕ್ಷೇಮ ನೋಡಲು ಹೊರಟಿದ್ದ. ಕೇಳಿದವರು ಕೈ ಮುಗಿದು ಹೋಗುತ್ತಿದ್ದರು.

ಇದಕ್ಕೆ ಕಲ್ಲು ಹಾಕಿದವರು ಸಿರಿಗೇರಿಯ ಬಸವರಾಜ ಮೇಷ್ಟ್ರು. ಪ್ರತಿ ವರ್ಷ ಮಕ್ಕಳನ್ನು ಬಸ್ಸಿನಲ್ಲಿ ತುಂಬಿಕೊಂಡು ಬರುತ್ತಿದ್ದರು. ಒಂದು ವರ್ಷ ನಾನು ರಜೆಯಲ್ಲಿದ್ದೆ, ಸಾಹೇಬರೇ ಚಿತ್ರ ತೋರಿಸಿದರು. ಮೇಷ್ಟ್ರು ಮಾರನೇ ವಾರ ಒಬ್ಬರೇ ಬಂದು ಆಫೀಸಿನ ಬಾಗಿಲಲ್ಲಿ ನಿಂತರು.

"ಸಾಹೇಬ್ರ, ಒಬ್ಬನ ಮನುಷ್ಯ, ಒಂದ ಕುದುರಿ. ಹೋದ ವರ್ಷ ಈ ಮೇಡಂ ಅವನ್ನ ಪಾಳೇಗಾರ ಅಂದ್ರು. ಈ ವರ್ಷ ನೀವು ಸುಬೇದಾರ ಅಂದ್ರಿ. ಹುಡುಗ್ರು ನನ್ನ ಕೇಳಾಕ ಹತ್ಯಾವ, ಮುಂದಿನ ವರ್ಷ ಇಂವ ಏನಾಗ್ತಾನ್ರಿ ಅಂತ."

ಸಾಹೇಬರು ಜೋರಾಗಿ ನಕ್ಕು, ಚಹಾ ತರಿಸಿ, ಮೇಷ್ಟ್ರನ್ನು ಸಮಾಧಾನ ಮಾಡಿ ಕಳಿಸಿದರು. ನಾನು ಮಾತ್ರ ಸ್ಟೂಲು ಎಳೆದುಕೊಂಡು ಹೋಗಿ ಚಿತ್ರದ ಮುಂದೆ ಕೂತೆ. ಅಷ್ಟು ವರ್ಷ ಜನರಿಗೆ ತೋರಿಸಿದ್ದ ಸವಾರನನ್ನು ಅವತ್ತು ನಾನು ನೋಡಿದೆ. ಕಾಲು ಬರಿಗಾಲು. ಕುದುರೆಗೆ ಜೀನು ಇಲ್ಲ, ಮಡಿಚಿದ ಕಂಬಳಿ ಹಾಕಿದೆ. ಸವಾರನ ಪಂಚೆ ಮೊಣಕಾಲ ಮೇಲೆ ಸಿಕ್ಕಿಸಿದೆ. ತೋಳಿಗೆ ತೊಗಲಿನ ಬಕೆಟ್ಟು ಜೋತುಬಿದ್ದಿದೆ. ಕುದುರೆಯ ಮುಖ ಎತ್ತ ಕಡೆ ಇದೆಯೋ ಅತ್ತ ಒಂದು ಬಾವಿ ಇದೆ. ಯಾರದೋ ಕುದುರೆಗೆ ನೀರು ಕುಡಿಸಲು ಹೊರಟ ಆಳು ಅವನು.

ಸಾಹೇಬರಿಗೆ ಹೋಗಿ ಹೇಳಿದೆ. ಅವರು ಬಂದು ನೋಡಿದರು, ಒಪ್ಪಿಕೊಂಡರು. ಒಪ್ಪಿಕೊಂಡೂ ಕೇಳಿದರು: "ಕುದುರಿ ಕಾಯೋನ್ನ ನೋಡಾಕ ಯಾರು ಟಿಕೆಟ್ ತಗೋತಾರ?"

"ತಗೋತಾರ್ರಿ. ಅವ್ರ ಕಣ್ಣಿಲೇ ಅವ್ರು ಕಂಡುಕೊಂಡ್ರ ತಗೋತಾರ."

ಅಂದಿನಿಂದ ನನ್ನ ಕ್ರಮ ಬದಲಾಯಿತು. ಜನ ಬಂದರೆ ಸ್ವಲ್ಪ ಹೊತ್ತು ಸುಮ್ಮನೆ ಬಿಡುತ್ತಿದ್ದೆ. ಆಮೇಲೆ "ಏನ್ ಕಾಣಾಕ ಹತ್ತೈತಿ?" ಎಂದು ಕೇಳುತ್ತಿದ್ದೆ. ಮೊದಮೊದಲು ಜನ ನಾಚಿಕೊಳ್ಳುತ್ತಾರೆ, ಪರೀಕ್ಷೆ ಇಟ್ಟಿದ್ದಾಳೆ ಎಂದು ಹೆದರುತ್ತಾರೆ. ಒಬ್ಬರು ಬಾಯಿ ಬಿಟ್ಟರೆ ಸಾಕು. ಸಿರಿಗೇರಿ ಮಕ್ಕಳ ಗುಂಪಿನಲ್ಲಿ ಒಬ್ಬಳು, "ಇವ್ರಿಗೆ ಯಾರಿಗೂ ನೆರಳ ಇಲ್ಲಲ್ರಿ, ದೆವ್ವಗಳೇನ್ರಿ?" ಎಂದು ಕೇಳಿದಳು. ಈ ಶೈಲಿಯ ಚಿತ್ರಕಾರರು ನೆರಳು ಬರೆಯುವುದಿಲ್ಲ, ಅದು ಅವರ ಪದ್ಧತಿ ಎಂದು ಹೇಳುವ ಅವಕಾಶ ನನಗೆ ಅವಳ ದೆವ್ವದಿಂದ ಸಿಕ್ಕಿತು. ಬಸವರಾಜ ಮೇಷ್ಟ್ರು ಹಿಂದೆ ನಿಂತು ತಲೆಯಾಡಿಸುತ್ತಿದ್ದರು.

ಪದ್ಧತಿ ಎಂಬ ಮಾತು ಬಂತು. ನಮ್ಮ ಕೆಲಸದ ಕಷ್ಟವೆಲ್ಲ ಅಲ್ಲೇ ಇದೆ. ಚಿತ್ರದಲ್ಲಿ ಯಾವುದು ಚಿತ್ರಕಾರನ ಕೈಗೆ ರೂಢಿಯಾಗಿ ಬಂದದ್ದು, ಯಾವುದು ಅವನು ನಿಂತು ನೋಡಿ ಬರೆದದ್ದು? ಇದನ್ನು ತಮಗೇ ಅರಿವಿಲ್ಲದೆ ನನಗೆ ಕಲಿಸಿದವರು ಕುರುಗೋಡಿನ ನಮ್ಮ ಹುಸೇನ್ ಕಾಕಾ. ಅಪ್ಪನ ತಮ್ಮ. ಒಂದು ಶುಕ್ರವಾರ ನಮಾಜು ಮುಗಿಸಿಕೊಂಡು ಬಸ್ಸು ಹತ್ತಿ ಬಂದವರು ಚಿತ್ರ ನೋಡಿದ್ದೇ ತಡ, ಕೈ ಎತ್ತಿ ತೋರಿಸಿದರು.

"ಮಾಬು, ಇದು ನಮ್ಮೂರ ಗುಡ್ಡ! ನೋಡು, ಬಂಡೆಗಲ್ಲ ಮ್ಯಾಲ ಬಂಡೆಗಲ್ಲು. ಚೀಟಿ ಮ್ಯಾಲ ಬಳ್ಳಾರಿ ಅಂತ ಯಾಕ ಬರ್ಸೀದಿ? ಕುರುಗೋಡು ಅಂತ ಬರ್ಸು."

"ಕಾಕಾ, ಈ ಚಿತ್ರಕಾರ ಯಾವ ಗುಡ್ಡ ಬರದ್ರೂ ಹಿಂಗ ಬರೀತಾನ. ರೊಟ್ಟಿ ಪೇರಿಸಿಟ್ಟಂಗ. ಗುಡ್ಡ ನಂಬಬಾರದು. ಬೀದ್ಯಾಗಿನ ಆ ದುಂಡು ಬಂಡೆಗಲ್ಲು ನೋಡು. ಅದಕ್ಕೊಂದು ಸೀಳು ಐತಿ, ಸೀಳಿನಾಗ ಒಂದು ಗಿಡ ಐತಿ. ಹಂಗ ಯಾರೂ ರೂಢಿಗೆ ಬರಿಯಂಗಿಲ್ಲ. ನೋಡಿದಾಂವ ಮಾತ್ರ ಬರೀತಾನ. ಆ ಸೀಳಿನ ಬಂಡೆಗಲ್ಲು ಬಳ್ಳಾರ್ಯಾಗ ಐತಿ."

ಕಾಕಾ ನಂಬಲಿಲ್ಲ. ಬಳ್ಳಾರಿಯ ಉಪ್ಪು ತಿಂದು ಊರು ಮರೆತಳು ಎಂದು ಊರಲ್ಲಿ ಹೇಳಿಕೊಂಡು ತಿರುಗಿದರು. ಆದರೆ ಅವರಿಗೆ ಕೊಟ್ಟ ಉತ್ತರ ನನ್ನ ಕೈಗೊಂದು ಹಿಡಿಕೆಯಾಯಿತು.

ಮಧ್ಯೆ ಒಂದು ಕಿವಿಯಂತ್ರ ಬಂತು. ಶೇಷಗಿರಿ ಸಾಹೇಬರು ನಿವೃತ್ತರಾಗಿ ವಿಜಯಲಕ್ಷ್ಮಿ ಮೇಡಂ ಬಂದಿದ್ದರು. ಶಿಸ್ತಿನ ಹೆಣ್ಣುಮಗಳು, ಶುಚಿ, ಹೊಸದರಲ್ಲಿ ಆಸಕ್ತಿ. ನಾವು ಗೈಡ್‌ಗಳು ಬೇಡವೆಂದಲ್ಲ, ಆದರೆ ಬಂದವರ ಕಿವಿಗೆ ಯಂತ್ರ ಸಿಕ್ಕಿಸಿದರೆ ಅದೇ ವಿವರಿಸುತ್ತದೆ ಎಂದು ತರಿಸಿದರು. ಜನ ಯಂತ್ರದಲ್ಲಿ ಪೇಟೆ ಬೀದಿಯ ವಿವರ ಕೇಳುತ್ತ ವೀರಗಲ್ಲಿನ ಮುಂದೆ ನಿಂತಿರುತ್ತಿದ್ದರು. "ಬಳೆಗಾರನನ್ನು ಗಮನಿಸಿ" ಎಂದು ಕಿವಿಯಲ್ಲಿ ಕೇಳಿ, ಕಲ್ಲಿನಲ್ಲಿ ಬಳೆಗಾರನನ್ನು ಹುಡುಕುತ್ತಿದ್ದ ರೂಪನಗುಡಿಯ ದಂಪತಿಗಳನ್ನು ನಾನೇ ಕೈಹಿಡಿದು ಕರೆತಂದಿದ್ದೇನೆ. ಯಂತ್ರಗಳು ಆಮೇಲೆ ಬೀರು ಸೇರಿದವು.

ವಿಜಯಲಕ್ಷ್ಮಿ ಮೇಡಂ ಮಾಡಿದ ಇನ್ನೊಂದು ಕೆಲಸ, ಚಿತ್ರದ ಪ್ರಿಂಟು ಹಾಕಿಸಿದ್ದು. ಒಳ್ಳೆಯ ಕೆಲಸವೇ. ಬಳ್ಳಾರಿಯ ಅದೆಷ್ಟೋ ಅಂಗಡಿ, ಹೋಟೆಲು, ಮನೆಗಳ ಗೋಡೆಗೆ ಆ ಪ್ರಿಂಟು ಏರಿತು. ಆದರೆ ಮೂಲ ಚಿತ್ರದ ಕೆಳಗಿನಂಚು ಕಪ್ಪಾಗಿತ್ತು. ಹಿಂದೆ ಇದ್ದ ಮನೆಯಲ್ಲಿ ಅದರ ಕೆಳಗೆ ದೀಪ ಹಚ್ಚಿಡುತ್ತಿದ್ದರು, ಆ ಹೊಗೆ ಬಟ್ಟೆಗೆ ಹಿಡಿದಿತ್ತು. ಕಪ್ಪು ಪಟ್ಟಿ ಪ್ರಿಂಟಿನಲ್ಲಿ ಅಸಹ್ಯವಾಗಿ ಕಾಣುತ್ತದೆ ಎಂದು ಪ್ರೆಸ್ಸಿನವರು ಹೇಳಿದರು, ಅದನ್ನು ಕತ್ತರಿಸಿ ಪ್ರಿಂಟು ಮಾಡಲಾಯಿತು. ನೋಡಲು ಚೆನ್ನಾಗಿತ್ತು. ಯಾರೂ ಏನೂ ಅನ್ನಲಿಲ್ಲ.

ನನ್ನ ನೌಕರಿಯ ಕೊನೆಯ ವರ್ಷಗಳಲ್ಲಿ ಒಂದು ದಿನ ಬೆಳಿಗ್ಗೆ ಒಬ್ಬ ಹೆಂಗಸು ಟಿಕೆಟ್ ಕಿಟಕಿಯ ಮುಂದೆ ನಿಂತು, "ಬೀದಿ ಚಿತ್ರ ಎಲ್ಲೈತಿ? ಅದನ್ನ ಒಮ್ಮಿ ನೋಡಬೇಕು" ಎಂದು ಗಟ್ಟಿಯಾಗಿ ಕೇಳುತ್ತಿದ್ದಳು. ಕೊಳಗಲ್ಲಿನ ಈರಮ್ಮ. ಸೊಪ್ಪು ಮಾರುವವಳು. ಅದೇ ಪೇಟೆ ಬೀದಿಯಲ್ಲಿ, ದುಂಡು ಬಂಡೆಯ ಹತ್ತಿರ, ಅಂಗಡಿ ಸಾಲಿನ ಮುಂದೆ ಬುಟ್ಟಿ ಇಟ್ಟುಕೊಂಡು ಕೂರುತ್ತಿದ್ದಳು. ಅವಳ ಹಾಗೆ ಇನ್ನೂ ಹಲವರು ಕೂರುತ್ತಿದ್ದರು.

ವಿಷಯ ಇಷ್ಟು. ಅಂಗಡಿಯವರು ಈ ಹೆಂಗಸರನ್ನು ಅಲ್ಲಿಂದ ಎಬ್ಬಿಸಬೇಕು ಎಂದು ಅರ್ಜಿ ಕೊಟ್ಟಿದ್ದರು. ಅದನ್ನು ವಿಚಾರಿಸಲು ಬಂದ ಅಧಿಕಾರಿಯ ಮುಂದೆ ಬಟ್ಟೆ ಅಂಗಡಿಯ ಪ್ರಕಾಶಪ್ಪನವರು ತಮ್ಮ ಗೋಡೆಯ ಮೇಲಿದ್ದ ಪ್ರಿಂಟು ಬಿಚ್ಚಿ ತಂದು ಇಟ್ಟಿದ್ದರು. ನೋಡಿ, ಹಳೇ ಕಾಲದಿಂದ ಅಂಗಡಿಗಳ ಮುಂದಿನ ಜಾಗ ಖಾಲಿ ಇತ್ತು, ಬುಟ್ಟಿಯವರು ಒಬ್ಬರೂ ಇರಲಿಲ್ಲ, ಇವರು ನಿನ್ನೆ ಮೊನ್ನೆ ಬಂದವರು ಎಂದಿದ್ದರು. ಪ್ರಿಂಟಿನ ಮೇಲೆ ನಮ್ಮ ಮ್ಯೂಸಿಯಂನ ಹೆಸರಿತ್ತು. ಹಾಗಾಗಿ ಅದಕ್ಕೆ ತೂಕ ಬಂದಿತ್ತು.

"ನಮ್ಮವ್ವನೂ ಅಲ್ಲೇ ಕುಂತಾಕಿ, ಆಕಿ ಅತ್ತಿನೂ ಅಲ್ಲೇ ಕುಂತಾಕಿ" ಎಂದಳು ಈರಮ್ಮ. "ಚಿತ್ರದಾಗ ನಾವು ಇಲ್ಲ ಅಂತಾರ. ಖರೇನ ಇಲ್ಲೇನು, ನನ್ನ ಕಣ್ಣಿಲೇ ನೋಡಿ ಹೋಗ್ತೀನಿ."

ನಾನು ಮಾತಾಡದೆ ಅವಳನ್ನು ಚಿತ್ರದ ಮುಂದೆ ನಿಲ್ಲಿಸಿದೆ. ಅವಳು ಮೇಲಿನಿಂದ ನೋಡುತ್ತ ಬಂದಳು. ಗುಡ್ಡ, ಅಂಗಡಿ, ಬಂಡಿ, ಕುದುರೆ. ಆಮೇಲೆ ಬಗ್ಗಿದಳು. ನಾನು ಟಾರ್ಚು ಹಿಡಿದೆ. ಹೊಗೆ ಹಿಡಿದ ಪಟ್ಟಿಯಲ್ಲಿ, ಒಬ್ಬಳ ಪಕ್ಕ ಒಬ್ಬಳಂತೆ, ಬುಟ್ಟಿ ಮುಂದಿಟ್ಟುಕೊಂಡು ಹೆಂಗಸರು ಕೂತಿದ್ದರು.

ಈರಮ್ಮ ಬಹಳ ಹೊತ್ತು ಬಗ್ಗಿಕೊಂಡೇ ಇದ್ದಳು. ಎದ್ದಾಗ ಅವಳ ಕಣ್ಣಲ್ಲಿ ನೀರಿರಲಿಲ್ಲ, ಸಿಟ್ಟಿತ್ತು. "ಮತ್ತ ಆ ಹಾಳೀಲಿಂದ ಇವ್ರನ್ನ ಯಾರು ಎಬ್ಬಿಸಿದ್ರು?"

ಅವಳನ್ನು ಕೂರಿಸಿ, ನೀರು ಕೊಟ್ಟು, ವಿಜಯಲಕ್ಷ್ಮಿ ಮೇಡಂ ಕೋಣೆಗೆ ಹೋದೆ. ಮೇಡಂ ಎಲ್ಲ ಕೇಳಿದರು. ಮುಖ ಸಣ್ಣದಾಯಿತು.

"ಮಾಬುನ್ನಿಯವರೇ, ನಾವು ಮ್ಯೂಸಿಯಂನವರು. ಬೀದಿ ಜಗಳದಲ್ಲಿ ತಲೆ ಹಾಕಬಾರದು."

"ನಮ್ಮ ಹೆಸರಿನ ಪ್ರಿಂಟು ಆಗ್ಲೇ ತಲಿ ಹಾಕೇತಿ ಮೇಡಂ. ಅರ್ಧ ಮಾತು ಆಡಿ ಬಂದೈತಿ. ಉಳಿದರ್ಧ ನಾವು ಹೇಳಬೇಕಲ್ರಿ."

"ಪ್ರಿಂಟು ಕತ್ತರಿಸಿದ್ದು ತಪ್ಪು ಅಂತ ಪೇಪರಿನಲ್ಲಿ ಬಂದರೆ?"

"ಯಾಕ ಕತ್ತರಿಸಿದ್ವಿ ಅಂತ ನಾನ ಹೇಳ್ತೀನಿ. ಹೊಗಿ ಹಿಡಿದಿತ್ತು ಅಂತ. ಅದು ಖರೆ ಐತಿ. ಅದರಾಗ ಹೆದರೂದೇನೈತಿ?"

ಮೇಡಂ ತಾವೇ ಫೋನು ಎತ್ತಿ ಆ ಅಧಿಕಾರಿಯ ಜೊತೆ ಮಾತಾಡಿದರು. ತೀರ್ಮಾನ ಮಾಡುವ ಮುಂಚೆ ಒಮ್ಮೆ ಮೂಲ ಚಿತ್ರ ನೋಡಲು ಬನ್ನಿ, ಎರಡೂ ಕಡೆಯವರನ್ನು ಕರೆತನ್ನಿ ಎಂದರು. ಆ ಹೊತ್ತಿನಲ್ಲಿ ಅವರ ಮೇಲೆ ನನಗೆ ಹುಟ್ಟಿದ ಗೌರವ ಇವತ್ತಿಗೂ ಕಡಿಮೆಯಾಗಿಲ್ಲ.

ಅವರು ಬರುವ ದಿನ ನಾನು ಒಗೆದ ಸೀರೆ ಉಟ್ಟು, ಟಾರ್ಚಿಗೆ ಹೊಸ ಸೆಲ್ಲು ಹಾಕಿ ಕಾದಿದ್ದೆ. ಹೆದರಿಕೆಯಿರಲಿಲ್ಲ. ಆ ಚಿತ್ರದ ಮುಂದೆ ನನಗೆ ಯಾವತ್ತೂ ಹೆದರಿಕೆಯಾಗಿಲ್ಲ. ಅಧಿಕಾರಿ ಹೊರಜಿಲ್ಲೆಯ ಯುವಕ. ಪ್ರಕಾಶಪ್ಪನವರು ಕೆಟ್ಟ ಮನುಷ್ಯರಲ್ಲ; ಅವರ ಅಂಗಡಿಗೆ ಬರುವ ಗಿರಾಕಿ ಮೂಲಂಗಿ ರಾಶಿ ದಾಟಿ ಒಳಗೆ ಬರಬೇಕಿತ್ತು. ಈರಮ್ಮ ಇಬ್ಬರು ಜೊತೆಗಾತಿಯರೊಂದಿಗೆ ಬಂದಿದ್ದಳು. ಎಲ್ಲರನ್ನೂ ಸುಮ್ಮನೆ ನೋಡಲು ಬಿಟ್ಟೆ. ಆಮೇಲೆ ಟಾರ್ಚು ಹಾಕಿದೆ.

"ಹೆಂಗಸರು ಇದಾರೆ" ಎಂದರು ಅಧಿಕಾರಿ.

"ಅದಾರ" ಎಂದಳು ಈರಮ್ಮ.

ಪ್ರಕಾಶಪ್ಪನವರು ಬಿಡಲಿಲ್ಲ. "ಮೇಡಂ, ನೀವ ನಮ್ಮ ಅಂಗಡಿಗೆ ಬಂದಾಗ ಹೇಳಿದ್ರಿ. ಈ ಚಿತ್ರಕಾರ ರೂಢಿಗೆ ಬರೀತಾನ ಅಂತ. ಈ ಹೆಂಗಸರ ಮುಖ ನೋಡ್ರಿ, ಎಲ್ಲಾ ಒಂದ ಅಚ್ಚು. ಕೆಳಗ ಜಾಗ ಉಳೀತು, ಚಂದ ಕಾಣ್ಲಿ ಅಂತ ತುಂಬ್ಯಾನ. ಹೌದೋ ಅಲ್ಲೋ?"

ಪ್ರಶ್ನೆ ಒಳ್ಳೆಯದಿತ್ತು. ನನಗೆ ಖುಷಿಯಾಯಿತು.

"ಮುಖ ಒಂದ ಅಚ್ಚು, ನಿಮ್ಮ ಮಾತು ಖರೆ" ಎಂದೆ. "ಮುಖ ನಂಬಬ್ಯಾಡ್ರಿ. ಬುಟ್ಟಿ ನೋಡ್ರಿ. ಒಂದ್ರಾಗ ಸೊಪ್ಪು, ಒಂದ್ರಾಗ ಬದನಿಕಾಯಿ, ಒಂದ್ರಾಗ ಹೂವು. ಸೊಪ್ಪಿನ ಬುಟ್ಟಿ ಸುತ್ತ ಮಾತ್ರ ನೆಲ ಕಪ್ಪಗೈತಿ. ಅದು ಹೊಗಿ ಅಲ್ಲ, ಬಣ್ಣ. ನೀರು ಚಿಮುಕಿಸಿದ ತೇವ ಅದು. ಇನ್ನ ಇಲ್ಲಿ ನೋಡ್ರಿ."

ಟಾರ್ಚನ್ನು ಗೋಡೆಗೆ ತಾಗಿಸಿ ಓರೆಯಾಗಿ ಹಿಡಿದೆ. ಹಾಗೆ ಹಿಡಿದರೆ ಬಣ್ಣದ ಪದರ ಎದ್ದು ಕಾಣುತ್ತದೆ. ಒಬ್ಬ ಹೆಂಗಸಿನ ಸೀರೆಯ ಮೂಲಕ ಒಂದು ನೇರ ಗೆರೆ ಹಾದುಹೋಗಿತ್ತು. ಅದೇ ಗೆರೆ ಮುಂದಿನವಳಲ್ಲೂ, ಅದರ ಮುಂದಿನವಳಲ್ಲೂ ಇತ್ತು.

"ಮೊದ್ಲು ಚಿತ್ರಕಾರ ಇಲ್ಲಿ ಉದ್ದಕ್ಕ ಒಂದು ಕಟ್ಟಿ ಬರದಿದ್ದ. ಹೆಂಗಸರು ಇರಲಿಲ್ಲ. ಆಮೇಲೆ ಕಟ್ಟಿ ಮ್ಯಾಲ ಸುಣ್ಣ ಹಚ್ಚಿ ಅಳಿಸಿ ಇವ್ರನ್ನ ಕುಂದ್ರಿಸ್ಯಾನ. ಜಾಗ ಉಳೀತು ಅಂತ ತುಂಬಿದ್ದಲ್ಲ. ಜಾಗ ಮಾಡಿ ಕುಂದ್ರಿಸಿದ್ದು. ಯಾಕ ಅಂತ ನನಗ ಗೊತ್ತಿಲ್ಲ. ಬೀದಿಗೆ ಹೋಗಿ ನೋಡಿ ಬಂದು ತಿದ್ದಿರಬೇಕು ಅಂತ ನನ್ನ ಅಂದಾಜು."

"ದಿನಾ ಕೂರುತ್ತಿದ್ದರೋ, ಸಂತೆಯ ದಿನವೋ?" ಎಂದರು ಅಧಿಕಾರಿ.

"ಅದು ಚಿತ್ರಕ್ಕ ಗೊತ್ತಿಲ್ಲ ಸರ್. ನನಗೂ ಗೊತ್ತಿಲ್ಲ."

ಅವರು ಮತ್ತೆ ಬಗ್ಗಿ ನೋಡುತ್ತ, "ಇವರ ನಡುವೆ ಇವೇನು, ಚೌಕ ಚೌಕ?" ಎಂದು ಕೇಳಿದರು.

ಇಲ್ಲಿ ಒಂದು ಗಳಿಗೆ ತಡೆದೆ. ಈರಮ್ಮನ ಮುಖ ಅರಳಿತ್ತು. ನಾನು ಹೇಳಬೇಕಾದದ್ದು ಅವಳಿಗೆ ಹಿಡಿಸುವಂಥದ್ದಲ್ಲ. ಆದರೆ ಪ್ರಿಂಟು ಮಾಡಿದ ಹಾಗೆ ನಾನೂ ನನಗೆ ಬೇಕಾದಷ್ಟು ಕತ್ತರಿಸಿ ತೋರಿಸಿದರೆ ಅಲ್ಲಿ ನಿಲ್ಲುವ ಯೋಗ್ಯತೆ ನನಗಿಲ್ಲ.

"ಮೆಟ್ಟಿಲು ಸರ್. ಬೀದಿಯ ಈಚೆ ಕಡೆ ಅಂಗಡಿ ಬರದ್ರ ಬೀದಿನ ಮುಚ್ಚಿ ಹೋಗ್ತಿತ್ತು. ಅದಕ್ಕ ಅಂಗಡಿ ಬಿಟ್ಟು ಮೆಟ್ಟಿಲ ಅಷ್ಟ ಬರದಾನ. ಒಂದು ಮೆಟ್ಟಿಲು, ಒಬ್ಬಾಕಿ ಹೆಂಗಸು. ಮತ್ತೊಂದು ಮೆಟ್ಟಿಲು, ಮತ್ತೊಬ್ಬಾಕಿ. ಯಾರೂ ಮೆಟ್ಟಿಲ ಮುಂದ ಕುಂತಿಲ್ಲ. ಎಲ್ಲರೂ ಬಾಗ್ಲ ಬಿಟ್ಟು ಕುಂತಾರ."

ಪ್ರಕಾಶಪ್ಪನವರು ಜೇಬಿನಿಂದ ಕನ್ನಡಕ ತೆಗೆದು ಹಾಕಿಕೊಂಡು, ಮೊದಲ ಸಲ ಮೊಣಕಾಲೂರಿ ಕೂತು ಆ ಪಟ್ಟಿಯನ್ನು ನೋಡಿದರು. "ಹಿಂಗ ಕುಂತ್ರ ನಮ್ಮದೇನೂ ತಕರಾರಿಲ್ಲ" ಎಂದರು ಕೊನೆಗೆ, ಯಾರಿಗೆ ಹೇಳುತ್ತಿದ್ದಾರೆ ಎಂದು ತಿಳಿಯದ ಹಾಗೆ.

ಹೋಗುವಾಗ ಈರಮ್ಮ ಬಾಗಿಲಲ್ಲಿ ನನ್ನನ್ನು ತಡೆದಳು. "ನಮ್ಮ ಕಡೆ ಹೇಳ್ತೀರಿ ಅಂತ ನಂಬಿ ಬಂದ್ರ, ಅವ್ರ ಬಾಗ್ಲೂ ತೋರಿಸಿಬಿಟ್ರಲ್ಲ ಮೇಡಂ. ನಂದು ಆ ಬಟ್ಟಿ ಅಂಗಡಿ ಬಾಗ್ಲ ಮುಂದಿನ ಜಾಗ. ಗೊತ್ತೈತಿ ನಿಮ್ಗ?"

"ಗೊತ್ತೈತಿ ಈರಮ್ಮ. ಆದ್ರ ಒಂದು ತೋರಿಸಿ ಇನ್ನೊಂದು ಮುಚ್ಚಿದ್ರ, ಮೊದಲಿಂದನ್ನ ಯಾರು ನಂಬ್ತಿದ್ರು?"

ಅವಳು ಸೆರಗು ಬಿಗಿದುಕೊಂಡು ಹೊರಟುಹೋದಳು.

ತೀರ್ಮಾನ ಮಾಡಿದ್ದು ಚಿತ್ರವಲ್ಲ. ಅಧಿಕಾರಿ ಬೀದಿಗೆ ಹೋಗಿ ನೋಡಿದರು, ಹಳಬರನ್ನು ವಿಚಾರಿಸಿದರು, ಇನ್ನೂ ಏನೇನೋ ಕಾಗದ ತರಿಸಿಕೊಂಡರು. ಹೆಂಗಸರು ಉಳಿದರು. ಅಂಗಡಿ ಬಾಗಿಲುಗಳ ಮುಂದೆ ಜಾಗ ಬಿಟ್ಟು, ನೆಲದ ಮೇಲೆ ಬಿಳಿ ಬಣ್ಣದಲ್ಲಿ ಅವರ ಜಾಗ ಗುರುತು ಮಾಡಿದರು. ವಿಜಯಲಕ್ಷ್ಮಿ ಮೇಡಂ ಕೆಳಗಿನ ಪಟ್ಟಿ ಸೇರಿಸಿ ಹೊಸ ಪ್ರಿಂಟು ಹಾಕಿಸಿದರು. ಹೊಗೆ ಹಿಡಿದದ್ದು ಹಾಗೇ ಇರಲಿ ಎಂದರು. ಹೊಸದು ಹಳೆಯದರಷ್ಟು ಚಂದವಿಲ್ಲ ಎಂದು ಕೆಲವರು ಗೊಣಗಿದರು.

ಈರಮ್ಮನ ಸಿಟ್ಟು ಇಳಿಯಲು ಹೊತ್ತು ಹಿಡಿಯಿತು. ಆ ಬೀದಿಯಲ್ಲಿ ಹಾದುಹೋದರೆ ಮುಖ ತಿರುಗಿಸುತ್ತಿದ್ದಳು. ನಾನು ಇನ್ನೊಬ್ಬಳ ಹತ್ತಿರ ಸೊಪ್ಪು ಕೊಂಡು ಮನೆಗೆ ಬರುತ್ತಿದ್ದೆ. ಇಂಥದ್ದು ಈ ಕೆಲಸದಲ್ಲಿ ಇದ್ದದ್ದೇ. ಚಿತ್ರ ತೋರಿಸುವವಳನ್ನು ಎಲ್ಲರೂ ತಮ್ಮ ಕಡೆಯವಳು ಎಂದುಕೊಂಡು ಬರುತ್ತಾರೆ. ನಮ್ಮ ಕಾಕಾನೂ ಹಾಗೇ ಬಂದಿದ್ದರು.

ನಿವೃತ್ತಿಯಾದ ಮೇಲೆ ಒಂದು ಬೆಳಿಗ್ಗೆ ಅದೇ ಬೀದಿಗೆ ಹೋದೆ. ಬಂಡೆಯ ತಿರುವಿನಲ್ಲಿ ಹೊಸ ಮೆಂತೆ ಸೊಪ್ಪಿನ ರಾಶಿ ಕಂಡಿತು. ನೀರು ಚಿಮುಕಿಸಿ ಇಟ್ಟಿದ್ದರು. ಬಗ್ಗಿ ಒಂದು ಕಟ್ಟು ಎತ್ತಿಕೊಂಡೆ. ಈರಮ್ಮ ತಲೆ ಎತ್ತಿದಳು. ನನ್ನನ್ನು ನೋಡಿದಳು, ನನ್ನ ಕಾಲು ನೋಡಿದಳು, ನನ್ನ ಹಿಂದೆ ಪ್ರಕಾಶಪ್ಪನವರ ಅಂಗಡಿಯ ಕಡೆ ನೋಡಿದಳು.

"ಈ ಕಡೆ ಸರೀರಿ ಮೇಡಂ" ಎಂದಳು, ಇಡೀ ಬೀದಿಗೆ ಕೇಳುವ ಹಾಗೆ. "ಬಾಗ್ಲ ಬಿಟ್ಟು ನಿಂದರ್ರಿ!"

ನಾನು ಸರಿದು ನಿಂತೆ.